ಎರಾಡಿಕೇಟ್ ಕಲಿಸಿದ ಅಕ್ಕೋರು

ನಮ್ಮ ಇಂಗ್ಲಿಷ್ ಅಕ್ಕೋರ ಬಲಮಂಡಿ ಸದಾ ಊದಿರುತ್ತಿತ್ತು. ಮಂಚಿಕೇರಿ ಕಡೆಯ ನಮ್ಮ ಹೈಸ್ಕೂಲಿನ ಮೆಟ್ಟಿಲು ಹತ್ತಿದರೆ ಕಂಬ ಹಿಡಿದು ನಿಲ್ಲುತ್ತಿದ್ದರು. ನಾಲಿಗೆಗೆ ಮಾತ್ರ ಯಾವ ನೋವೂ ಇರಲಿಲ್ಲ. "ಅರ್ಥ ಬಾಯಿಪಾಠ ಮಾಡಿದ್ರೆ ಸಾಕಾಗ್ತಿಲ್ಲೆ, ಎಲ್ಲಿ ಬಳಸವು ಹೇಳೂ ಗೊತ್ತಿರವು" ಎಂದು ದಿನಾ ನಮ್ಮ ತಲೆ ತಿನ್ನುತ್ತಿದ್ದರು.

ಒಂಬತ್ತನೇ ಕ್ಲಾಸಿನಲ್ಲಿ 'ಎರಾಡಿಕೇಟ್' ಬಂತು. ಬೇರುಸಹಿತ ಕಿತ್ತುಹಾಕುವುದು, ನಿರ್ಮೂಲ ಮಾಡುವುದು ಎಂದು ಹೇಳಿ ಒಬ್ಬೊಬ್ಬರಿಂದಲೂ ವಾಕ್ಯ ಕೇಳಿದರು. ಪೋಲಿಯೋ, ಬಡತನ, ಸೊಳ್ಳೆ ಎಲ್ಲ ಬಂದವು. ನಾನು ಎದ್ದು, "ಐ ವಾಂಟ್ ಟು ಎರಾಡಿಕೇಟ್ ಮೈ ಫಾದರ್" ಎಂದೆ.

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅಕ್ಕೋರು ನಗಲಿಲ್ಲ. "ಮನುಷ್ಯರಿಗೆ ಈ ಶಬ್ದ ಬಳಸಲಾಗ ಕೂಸೆ. ರೋಗಕ್ಕೆ ಬಳಸು, ಕೆಟ್ಟ ಚಟಕ್ಕೆ ಬಳಸು" ಎಂದು ಕೂರಿಸಿದರು.

ಬಿಡುವಿನಲ್ಲಿ ಪಕ್ಕಕ್ಕೆ ಕರೆದು ಕೇಳಿದಾಗ ಎಲ್ಲ ಹೇಳಿಬಿಟ್ಟೆ. ಅಪ್ಪ ಸಂಜೆ ಕುಡಿದು ಬಂದವನೇ ಅಮ್ಮನನ್ನೂ ನನ್ನನ್ನೂ ಹೊಡೆದು, ಒಳಕೋಣೆಗೆ ದೂಡಿ, ಹೊರಗಿನಿಂದ ಅಗುಳಿ ಹಾಕುತ್ತಿದ್ದ. ಅಮ್ಮನ ತವರಿನವರು ಹೊಂದಿಕೊಂಡು ಹೋಗು ಎಂದಿದ್ದರು. ನಮಗೆ ಹೋಗಲು ಬೇರೆ ಜಾಗವಿರಲಿಲ್ಲ.

ಮರುದಿನದಿಂದ ಅಕ್ಕೋರು ಸಂಜೆ ಕಾಲೆಳೆಯುತ್ತ ಬಂದು ನಮ್ಮ ಜಗುಲಿಯ ಮೇಲೆ ಕೂರತೊಡಗಿದರು. ಅವರೆದುರು ಅಪ್ಪ ದನಿ ಎತ್ತುತ್ತಿರಲಿಲ್ಲ, ಉಂಡು ಮಲಗಿಬಿಡುತ್ತಿದ್ದ. ಅವನು ಮಲಗಿದ ಮೇಲೆಯೇ ಅವರು ಏಳುತ್ತಿದ್ದದ್ದು. ಒಮ್ಮೆ ಅಪ್ಪ ತಡೆಯಲಾರದೆ ಕೇಳಿದ: "ದಿನಾ ಎಂತಕ್ಕೆ ಬರ್ತ್ರಿ ಅಕ್ಕೋರೆ?"

"ನಿಮ್ಮ ಕೂಸಿಗೆ ಒಂದು ಶಬ್ದ ಸರಿಯಾಗಿ ಬರ್ತಿಲ್ಲೆ. ಬಪ್ಪಲ್ಲಿವರೆಗೂ ಆನು ಬರ್ತೆ."

ಆದರೂ ಕುಡಿತ ನಿರ್ಮೂಲವಾಗಲಿಲ್ಲ. ಅವರು ಬಾರದ ಸಂಜೆ ಅಗುಳಿ ಬೀಳುತ್ತಲೇ ಇತ್ತು. ಹತ್ತನೇ ಕ್ಲಾಸು ಮುಗಿದದ್ದೇ ಅಕ್ಕೋರು ಓಡಾಡಿ ನನ್ನನ್ನು ಶಿರಸಿಯ ಹಾಸ್ಟೆಲಿಗೆ ಸೇರಿಸಿದರು. ನಾನು ಪಾರಾದೆ, ಅಮ್ಮ ಒಳಗೇ ಉಳಿದಳು. ಸಂಜೆಯಾದರೆ ಹಾಸ್ಟೆಲಿನಲ್ಲೂ ಅಗುಳಿಯ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದೆ. ಮುಂದೆ ಕೆಲಸ ಸಿಕ್ಕ ಮೇಲೆ ನನ್ನ ಜೊತೆ ಬಂದುಬಿಡು ಎಂದು ಕರೆದರೂ ಅಮ್ಮ ಹೊರಡಲಿಲ್ಲ. "ಆನು ಆರಾಮಿದ್ದೆ" ಎನ್ನುವಳು. ನಾನು ನಂಬುತ್ತಿರಲಿಲ್ಲ.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಸುದ್ದಿ ಹೇಳುತ್ತ ಅಮ್ಮ ಫೋನಿನಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ನಾನು ಶಿರಸಿಗೆ ಹೋದ ಮೇಲೂ ಅವರು ಸಂಜೆ ಬರುವುದನ್ನು ಬಿಟ್ಟಿರಲಿಲ್ಲವಂತೆ. "ಕೂಸು ಇಲ್ಲೆ ಅಲ್ದಾ, ಈಗ ಯಾರಿಗೆ ಪಾಠ?" ಎಂದು ಅಪ್ಪ ಕೇಳಿದ್ದನಂತೆ. "ನಿಮಗೆ" ಎಂದು ಅಕ್ಕೋರು ಕೂತೇಬಿಟ್ಟರಂತೆ.

"ಇನ್ನು ಸಂಜೆಗೆ ಆನೊಬ್ಬಳೇಯ" ಎಂದಳು ಅಮ್ಮ.

ಸಿಕ್ಕ ಬಸ್ಸು ಹಿಡಿದು ಊರಿಗೆ ಹೊರಟೆ. ಅವತ್ತು ಸಂಜೆ ಅಪ್ಪ ಬರುವ ಹೊತ್ತಿಗೆ ಜಗುಲಿಯ ಮೇಲೆ ನಾನು ಕೂತಿದ್ದೆ.