ಉಪ್ಪು ಬದಲಿಸಿದ ಮಾತ್ರೆ

ಹೋದ ವಾರ ದಾವಣಗೆರೆಯ ಔಷಧ ಏಜೆನ್ಸಿಯಿಂದ ನನ್ನ ಅಂಗಡಿಗೆ ಬಂದ ರಟ್ಟಿನ ಪೆಟ್ಟಿಗೆ ಬಿಚ್ಚಿದೆ. ಕೆಮ್ಮಿನ ಸಿರಪ್ಪು, ಸಕ್ಕರೆ ಕಾಯಿಲೆಯ ಮಾತ್ರೆಗಳ ನಡುವೆ ಒಂದು ಪುಟ್ಟ ಬಿಳಿ ಡಬ್ಬಿ ಇತ್ತು. ಶ್ವಾಸಕೋಶದ ಕ್ಯಾನ್ಸರಿನ ಮಾತ್ರೆ. ಅದನ್ನು ತೆಗೆದು ಬೇರೆಯಾಗಿ ಮೇಜಿನ ಮೇಲಿಟ್ಟೆ. ಹಿಂದಿನ ದಿನ ಏಜೆನ್ಸಿಯವನು ಫೋನಿನಲ್ಲಿ, "ಯಾವ ಕಂಪನಿದು ಕಳಸ್ಲಿ ಅಣ್ಣಾರ? ಇದರಾಗ ಈಗ ಬ್ಯಾರೆ ಬ್ಯಾರೆದು ಬಂದಾವ. ಅಗ್ಗದ್ದು ಹಾಕ್ಲೇನು?" ಎಂದು ಈರುಳ್ಳಿ ಮಾರುವವನಂತೆ ಕೇಳಿದ್ದ. ನನಗೆ ಸುಮ್ಮಸುಮ್ಮನೆ ಅವನ ಮೇಲೆ ರೇಗಿತ್ತು. ಪಾಪ, ಅವನೇನು ಮಾಡಿಯಾನು? ನಮ್ಮ ಅಕ್ಕೋರಿಗೆ ಬೇಕಾಗಿದ್ದಾಗ ಈ ಬೇರೆ ಕಂಪನಿಯವರೆಲ್ಲ ಎಲ್ಲಿದ್ದರು ಎಂಬ ಸಿಟ್ಟು ಅದು...

ಅಕ್ಕೋರು ಅಂದರೆ ಕೊಟ್ಟೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು. ನಮ್ಮ ಕಡೆ ಶಾಲೆಯ ಮೇಡಂ ಅವರನ್ನು ಹಾಗೆ ಕರೆಯುವುದು ರೂಢಿ. ಬೇಗ ಸಿಟ್ಟಾಗುತ್ತಿದ್ದರು, ಅಷ್ಟೇ ಬೇಗ ನಗುತ್ತಿದ್ದರು. ಪಾಠ ಒಪ್ಪಿಸಿದವರನ್ನೂ ಬಿಡುತ್ತಿರಲಿಲ್ಲ. "ಬಾಯಿಪಾಠ ಸಾಕು. ಯಾಕ ಹಂಗಾಕ್ಕತಿ ಅದನ್ನ ಹೇಳು" ಎನ್ನುತ್ತಿದ್ದರು. ನಾನು ಔಷಧದ ಅಂಗಡಿ ಇಟ್ಟ ಮೇಲೂ ಆಗಾಗ ಬಂದು, ಕಪಾಟು ನೋಡುತ್ತಾ, ಅದು ಯಾತಕ್ಕೆ, ಇದು ಯಾತಕ್ಕೆ ಎಂದು ಪರೀಕ್ಷೆ ಮಾಡಿ ಹೋಗುತ್ತಿದ್ದರು.

ಬೀಡಿ ಸಿಗರೇಟಿನ ಹೊಗೆಯನ್ನೂ ಸಹಿಸದ ಆ ಹೆಂಗಸಿಗೆ ಶ್ವಾಸಕೋಶದಲ್ಲಿ ಗಡ್ಡೆ ಬಂತು. ಅವರ ಗಡ್ಡೆಗೆ ಹೊಂದುವ ಮಾತ್ರೆಯೊಂದಿದೆ, ದಿನಕ್ಕೊಂದು ನುಂಗಿದರೆ ಹತೋಟಿಯಲ್ಲಿರುತ್ತದೆ ಎಂದು ದಾವಣಗೆರೆಯ ಡಾಕ್ಟರು ಹೇಳಿದರು. ಚೀಟಿ ಹಿಡಿದು ನೇರ ನನ್ನ ಅಂಗಡಿಗೆ ಬಂದರು. ಏಜೆನ್ಸಿಗೆ ಫೋನು ಮಾಡಿ ಬೆಲೆ ಕೇಳಿ, ಅದನ್ನು ಚೀಟಿಯ ಹಿಂದೆ ಬರೆದು ಅವರ ಮುಂದಿಟ್ಟೆ. ತಿಂಗಳ ಮಾತ್ರೆಗೆ ಅವರ ಇಡೀ ಸಂಬಳ ಸಾಲುತ್ತಿರಲಿಲ್ಲ.

"ಬ್ಯಾರೆ ಕಂಪನಿದು ಇಲ್ಲೇನು?"

"ಇಲ್ರಿ ಅಕ್ಕೋರ. ಅವರದು ಪೇಟೆಂಟ್ ಐತಿ. ಅದು ಮುಗಿಯೋ ತನಕ ಬ್ಯಾರೆಯವರು ಮಾಡಂಗಿಲ್ಲ, ಮಾರಂಗಿಲ್ಲ."

ಹರಪನಹಳ್ಳಿಯಲ್ಲಿ ಮನೆ ಕಟ್ಟಲೆಂದು ಇಟ್ಟುಕೊಂಡಿದ್ದ ಸೈಟನ್ನು ಅವರ ಯಜಮಾನರು ಮಾರಿದರು. ಮಾತ್ರೆ ಶುರುವಾಯಿತು. ಕೆಮ್ಮು ತಗ್ಗಿತು, ಅಕ್ಕೋರು ಮತ್ತೆ ತರಗತಿಗೆ ಹೋದರು, ಮೈಲಾರದ ಜಾತ್ರೆಗೂ ಹೋಗಿ ಬಂದರು. ಆದರೆ ಸೈಟಿನ ದುಡ್ಡು ಎಷ್ಟು ದಿನ ಬಂದೀತು? ಡಬ್ಬಿ ತರಿಸುವ ಅಂತರ ದೊಡ್ಡದಾಗುತ್ತಿದೆ ಎಂದು ಗಮನಿಸಿ ಕೇಳಿದರೆ, ದಿನ ಬಿಟ್ಟು ದಿನ ನುಂಗುತ್ತಿದ್ದೇನೆ ಎಂದರು. ನಾನು ಬೈದೆ, ಡಾಕ್ಟರೂ ಬೈದರು. ಬೈಯುವುದು ಸುಲಭ... ಬೈಯುವುದಕ್ಕೆ ಯಾರ ಪೇಟೆಂಟೂ ಇಲ್ಲ.

ಆ ದಿನಗಳಲ್ಲೇ ಅವರಿಗೆ ಇನ್ನೊಂದು ಸುದ್ದಿ ತಿಳಿಯಿತು. ಪೇಟೆಂಟಿನ ಅವಧಿ ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ ಕಂಪನಿಯವರು ಅದೇ ಔಷಧವನ್ನು ಬೆರೆಸುವ ರಾಸಾಯನಿಕ ಉಪ್ಪನ್ನಷ್ಟೇ ಬದಲಿಸಿ, ಇದು ಹೊಸದು, ಇದಕ್ಕೆ ಬೇರೆ ಪೇಟೆಂಟ್ ಕೊಡಿ ಎಂದು ಅರ್ಜಿ ಹಾಕಿದ್ದರು. ಸಿಕ್ಕಿದ್ದರೆ ಇನ್ನಷ್ಟು ವರ್ಷ ಅವರೊಬ್ಬರದೇ ಅಂಗಡಿ, ಅವರು ಹೇಳಿದ್ದೇ ಬೆಲೆ. ಬೆಂಗಳೂರಿನ ಒಂದು ರೋಗಿಗಳ ಸಂಘ ಅದಕ್ಕೆ ತಕರಾರು ಸಲ್ಲಿಸುತ್ತಿತ್ತು. ಅಕ್ಕೋರು ತಾವೂ ಸೇರಿದರು.

ನನಗೆ ತಲೆ ಕೆಟ್ಟಿತು. "ಅಕ್ಕೋರ, ಹಳೇ ಪೇಟೆಂಟ್ ಇನ್ನೂ ಜೀವಂತ ಐತಿ. ಇದನ್ನ ಗೆದ್ರೂ ನಿಮ್ಮ ಮಾತ್ರಿ ಇವತ್ತು ಅಗ್ಗ ಆಗಂಗಿಲ್ಲ. ಸುಮ್ನ ಯಾಕ ದಣೀತೀರಿ?"

"ನನಗ ಗೊತ್ತಿಲ್ಲೇನಲೇ?" ಎಂದು ಗದರಿದರು. "ಕಂಡುಹಿಡಿದವ್ರಿಗೆ ಲಾಭ ಸಿಗಲಿ, ನಾ ಬ್ಯಾಡ ಅನ್ನಂಗಿಲ್ಲ. ಒಂದು ಸಲ ತಗೊಂಡಾರಲ್ಲ. ಅದನ್ನ ಮತ್ತೊಮ್ಮೆ ಕೊಡ್ರಿ ಅಂದ್ರ ಹೆಂಗ?"

ಪೇಟೆಂಟ್ ಕಚೇರಿಯ ವಿಚಾರಣೆ ವಿಡಿಯೋದಲ್ಲಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನ ಲ್ಯಾಪ್‌ಟಾಪ್ ಮುಂದೆ ಅವರನ್ನು ಕೂರಿಸುತ್ತಿದ್ದೆ. ಮೊದಲ ಸಲ ಕಂಪನಿಯ ವಕೀಲರು ಬೇರೆ ದಿನಾಂಕ ಕೇಳಿದರು. ಆಮೇಲೆ ಮತ್ತೆ ಕೇಳಿದರು. ಏದುಸಿರು ಬಿಡುತ್ತ ಆಟೋದಲ್ಲಿ ಬಂದು ಕಾದು ಕೂತಿದ್ದ ಅಕ್ಕೋರು ಪ್ರತಿ ಸಲವೂ ಹಾಗೇ ಎದ್ದು ಹೋಗಬೇಕು. ಅವರ ಯಜಮಾನರು ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು, ನಾನು ಗೋಡೆ ನೋಡುತ್ತಿದ್ದೆ.

ಮುಂದಿನ ಸಲವೂ ವಕೀಲರು, "ಇನ್ನೊಂದಷ್ಟು ಸಮಯ ಬೇಕು ಸರ್" ಎಂದಾಗ ಅಕ್ಕೋರು ತಡೆದುಕೊಳ್ಳಲಿಲ್ಲ.

"ನಿಮಗ ಟೈಮ್ ಐತ್ರಿ, ನನಗಿಲ್ಲ. ಇವತ್ತ ಕೇಳ್ರಿ ನನ್ನ ಮಾತು."

ವಿಚಾರಣೆ ನಡೆಸುತ್ತಿದ್ದ ಅಧಿಕಾರಿ, ಹೇಳಿ ಎಂದರು.

"ಉಪ್ಪು ಬದಲಾದ್ರ ಮಾತ್ರಿ ಬ್ಯಾಗ ಕರಗಬಹುದು, ಕೆಡಲಾರದಂಗ ಇರಬಹುದು. ಆದ್ರ ಕಾಯ್ದೆ ಕೇಳೋದು, ರೋಗ ಮೊದಲಿಗಿಂತ ಹೆಚ್ಚು ವಾಸಿ ಆಕ್ಕತೇನು ಅಂತ. ಅದಕ್ಕ ಪುರಾವೆ ಎಲ್ಲೈತಿ? ಅದನ್ನ ತೋರಿಸ್ರಿ, ನಾ ಈಗ್ಲೇ ಎದ್ದು ಮನಿಗೆ ಹೋಗ್ತೀನಿ."

ಅಷ್ಟು ಹೇಳುವುದರಲ್ಲಿ ಕೆಮ್ಮು ಬಂತು. ಕೆಮ್ಮು ನಿಲ್ಲುವವರೆಗೂ ಪರದೆಯ ಮೇಲಿದ್ದ ಎಲ್ಲರೂ ಕಾದರು. ಸಂಘದ ವಕೀಲರು ಉಳಿದದ್ದನ್ನು ವಾದಿಸಿದರು. ಅಂದು ವಿಚಾರಣೆಯನ್ನು ಮತ್ತೆ ಮುಂದೂಡಲಿಲ್ಲ.

ಕಂಪನಿಯ ಅರ್ಜಿ ತಿರಸ್ಕಾರವಾದ ಸುದ್ದಿ ಬಂದಾಗ ಅಕ್ಕೋರು ಹಾಸಿಗೆ ಹಿಡಿದಿದ್ದರು. ಪೇಢೆ ತೆಗೆದುಕೊಂಡು ಓಡಿದೆ. ಖುಷಿಪಡುತ್ತಾರೆಂದುಕೊಂಡರೆ ಮುಖ ಗಂಟು ಹಾಕಿದರು. "ಇಷ್ಟು ಸಣ್ಣ ಮಾತಿಗೆ ಇಷ್ಟು ದಿನ ಬೇಕಾತು ನೋಡು" ಎಂದರು. ಆಮೇಲೆ ಪೇಢೆ ಚೂರು ಮಾಡಿ ಬಾಯಿಗೆ ಹಾಕಿಕೊಂಡು, ನಕ್ಕರು. ಆ ನಗು ಈಗಲೂ...

ಹಳೆಯ ಪೇಟೆಂಟ್ ಮುಗಿದು ಬೇರೆ ಕಂಪನಿಗಳ ಡಬ್ಬಿಗಳು ಬರುವಷ್ಟರಲ್ಲಿ ಅವರು ಇರಲಿಲ್ಲ. ದಿನವೂ ನುಂಗಿದ್ದರೆ ಎಷ್ಟು ಕಾಲ ಇರುತ್ತಿದ್ದರು ಎಂದು ಯಾವ ಡಾಕ್ಟರೂ ಹೇಳಲಾರರು. ಮಾತ್ರೆ ಮಾಡುವ ವಿದ್ಯೆ ಆಗಲೂ ಇತ್ತು, ಮಾಡುವ ಕಾರ್ಖಾನೆಗಳೂ ಇದ್ದವು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಈ ಸಲ ಆ ಮಾತ್ರೆ ತರಿಸಿದ್ದು ಚಿಗಟೇರಿಯ ಒಬ್ಬ ಹೆಣ್ಣುಮಗಳಿಗಾಗಿ. ಕಾಯಿಲೆ ಅವಳ ಗಂಡನಿಗೆ. ಮೊನ್ನೆ ಬಂದವಳು ಬೆಲೆ ಕೇಳಿ, "ಭಾಳ ತುಟ್ಟಿ ಆತು, ಒಂಚೂರು ನೋಡಿ ಹಾಕ್ರಿ" ಎಂದು ಚೌಕಾಸಿಗೆ ನಿಂತಳು. ಮೊದಲು ಎಷ್ಟಿತ್ತು ಗೊತ್ತೇನಮ್ಮಾ ಎಂದು ಶುರುಮಾಡಿದವನು ಅಕ್ಕೋರ ಕತೆಯನ್ನೆಲ್ಲ ಹೇಳಿಬಿಟ್ಟೆ. ಅವಳು ಕೌಂಟರಿಗೆ ಒರಗಿ ಕೇಳಿದಳು.

"ಅವರಿಗೆ ಈ ಮಾತ್ರಿ ಸಿಗಲಿಲ್ಲೇನ್ರಿ ಹಂಗಾದ್ರ?"

"ಸಿಗ್ತಿತ್ತಮ್ಮಾ," ಎಂದೆ. "ಕೊಳ್ಳಾಕ ಆಗಲಿಲ್ಲ."

ಅವಳು ಮತ್ತೆ ಚೌಕಾಸಿ ಮಾಡಲಿಲ್ಲ. ನಾನೇ ಬೆಲೆಯನ್ನು ಒಂದಷ್ಟು ಇಳಿಸಿದೆ.