ಹಳದಿ ಸೀರೆಯ ಫೋಟೋ

ಮೊನ್ನೆ ಸೊಸೆ ಉಪ್ಪಿನಕಾಯಿಗೆಂದು ವಿನಿಗರ್ ಬಾಟಲಿಯ ಮುಚ್ಚಳ ತೆಗೆದಳು. ಆ ಹುಳಿ ಘಾಟು ಮೂಗಿಗೆ ಬಡಿದದ್ದೇ ತಡ, ಮದ್ದೂರಿನಲ್ಲಿ ನಮ್ಮ ಮನೆಯೆದುರಿಗಿದ್ದ ಸ್ಟುಡಿಯೋ ಕಣ್ಣಮುಂದೆ ಬಂತು. ಫೋಟೋ ತೊಳೆಯುವ ಕತ್ತಲೆಕೋಣೆಯಿಂದ ಇದೇ ವಾಸನೆ ಬೀದಿಗೆ ಬರುತ್ತಿತ್ತು…

ಸ್ಟುಡಿಯೋದವರನ್ನು ಊರೆಲ್ಲ ಫೋಟೋ ಸಾಬರು ಎನ್ನುತ್ತಿತ್ತು. ಯುದ್ಧದ ಕಾಲದಲ್ಲಿ ಬೆಂಗಳೂರು ದಂಡಿನಲ್ಲಿ ಕೆಲಸಕ್ಕಿದ್ದು, ಬಣ್ಣದ ಫೋಟೋ ತೆಗೆಯುವುದನ್ನು ಕಲಿತು ಬಂದಿದ್ದರು. ನಮ್ಮ ಕಡೆ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಸೈಕಲ್ಲೇರಿ ಕೊತ್ತತ್ತಿಯ ನಾಲೆ, ಕೆರಗೋಡಿನ ಕಬ್ಬಿನ ಗದ್ದೆ ಎಂದು ಅಲೆಯುತ್ತಿದ್ದರು. ಕಪ್ಪು ಬಿಳುಪಿನದನ್ನು ಇಲ್ಲೇ ತೊಳೆದರೂ ಬಣ್ಣದ ಫಿಲಂ ಬೊಂಬಾಯಿಗೇ ಹೋಗಬೇಕಿತ್ತು. ಅಲ್ಲಿನ ವಾರಪತ್ರಿಕೆಯೊಂದು ಇವರ ಚಿತ್ರಗಳನ್ನು ಎಷ್ಟು ಸಲ ವಾಪಸು ಕಳಿಸಿದರೂ ಬಿಡದೆ ಕಳಿಸುತ್ತಿದ್ದರು. "ಕಪ್ಪು ಬಿಳುಪಲ್ಲಿ ಪೈರೂ ಒಂದೇ, ಒಣಹುಲ್ಲೂ ಒಂದೇ ಕಣಮ್ಮ" ಎನ್ನುತ್ತಿದ್ದರು.

ಸ್ವಾತಂತ್ರ್ಯ ಬಂದು ತಿಂಗಳಾದರೂ ಮೈಸೂರು ಸಂಸ್ಥಾನದಲ್ಲಿ ಜನರ ಸರ್ಕಾರ ಬಂದಿರಲಿಲ್ಲ. ಅದಕ್ಕಾಗಿ ಮೆರವಣಿಗೆ ಹೊರಟ ದಿನ, ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನಾನೂ ಮನೆಯಲ್ಲಿ ತಿಳಿಸದೆ ಹೋದೆ. ಹಸಿರಂಚಿನ ಹಳದಿ ಸೀರೆ ಉಟ್ಟಿದ್ದೆ. ಸಾಬರು ಕ್ಯಾಮೆರಾ ಹಿಡಿದು ಮೆರವಣಿಗೆಯ ಪಕ್ಕದಲ್ಲೇ ಬರುತ್ತಿದ್ದರು. ಬಾವುಟ ಕೈಗೆ ಬಂದಾಗ ಏನನ್ನಿಸಿತೋ, "ನಂದೊಂದು ತೆಗೀರಿ ಸಾಬರೇ, ಬಣ್ಣದ್ದು" ಎಂದು ಕೂಗಿದೆ. ಪತ್ರಿಕೆಗೆ ಕಳಿಸಲೇ ಎಂದು ಅವರು ಕೇಳಿದರು. ಹಿಗ್ಗಿನಲ್ಲಿ ಹೂಂ ಎಂದೆ.

ಎರಡು ತಿಂಗಳಿಗೆ ಅದು ಅಚ್ಚಾಗಿ ಬಂತು. ಅವರ ಬಣ್ಣದ ಚಿತ್ರ ಅಚ್ಚಾದದ್ದು ಅದೇ ಮೊದಲು. ಮುಖ ಸಣ್ಣದಾಗಿದ್ದರೂ ಆ ಸೀರೆಯನ್ನು ಬೀದಿಯವರೆಲ್ಲ ಗುರುತಿಸಿದರು. ಅಷ್ಟರಲ್ಲಿ ಮಳವಳ್ಳಿಯ ಕಡೆ ನನಗೆ ಗಂಡು ಗೊತ್ತಾಗಿತ್ತು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಪತ್ರಿಕೆಯನ್ನು ಮುಂದೆ ಎಸೆದು, "ಏನೇ ಇದು?" ಎಂದರು.

"ನಂಗೊತ್ತಿಲ್ಲಪ್ಪ. ನಂಗೆ ಕಾಣದಂಗೆ ತೆಗೆದವ್ರೆ" ಎಂದುಬಿಟ್ಟೆ.

ನನ್ನ ಸೋದರಮಾವ ನಾಲ್ಕು ಜನರನ್ನು ಕಟ್ಟಿಕೊಂಡು ಸ್ಟುಡಿಯೋಗೆ ನುಗ್ಗಿದ. ನಾನು ಕಿಟಕಿಯ ಹಿಂದೆ ನಿಂತಿದ್ದೆ.

"ಯೋ, ನಮ್ಮುಡ್ಗಿ ಬಂದು ಫೋಟೋ ತೆಗಿ ಅಂತ ನಿನ್ನ ಕೇಳಿದ್ಲೇನಯ್ಯಾ?"

ಸಾಬರು ಒಂದು ಗಳಿಗೆ ನಮ್ಮ ಕಿಟಕಿಯ ಕಡೆ ನೋಡಿದರು. "ಇಲ್ಲ ಸ್ವಾಮಿ. ಆ ಮಗೀಗೆ ಏನೂ ಗೊತ್ತಿಲ್ಲ. ನಾನೇ ಹೇಳ್ದಂಗೆ ಕೇಳ್ದಂಗೆ ತೆಗ್ದೆ. ತಪ್ಪಾಯ್ತು."

ಮಾವ ಕ್ಯಾಮೆರಾವನ್ನು ಮೆಟ್ಟಿಲಿಗೆ ಎತ್ತಿ ಕುಕ್ಕಿದ. ಗಾಜು ಬೀದಿವರೆಗೂ ಸಿಡಿಯಿತು. ನಾನು ಬಾಗಿಲು ತೆರೆದು ಹೊರಗೆ ಬರಬಹುದಿತ್ತು… ಬರಲಿಲ್ಲ.

ನನ್ನ ಮದುವೆ ಸಾಂಗವಾಗಿ ನಡೆಯಿತು. ಸಾಬರು ಸ್ಟುಡಿಯೋ ಮುಚ್ಚಿ ಮಂಡ್ಯಕ್ಕೆ ಹೋಗಿ, ಭಾವಮೈದುನನ ಗಡಿಯಾರ ರಿಪೇರಿ ಅಂಗಡಿಯಲ್ಲಿ ಕುಳಿತರಂತೆ. ಮತ್ತೆ ಕ್ಯಾಮೆರಾ ಮುಟ್ಟಲಿಲ್ಲವಂತೆ. ಎಷ್ಟೋ ವರ್ಷದ ಮೇಲೆ ಮಂಡ್ಯದ ಬಸ್‌ಸ್ಟ್ಯಾಂಡಿನಲ್ಲಿ ಅವರೇ ನನ್ನನ್ನು ಗುರುತು ಹಿಡಿದರು. "ಚೆನ್ನಾಗಿದ್ದೀಯಾ ತಾಯಿ? ಮಕ್ಕಳೆಷ್ಟು?" ಎಂದರು. ಪಕ್ಕದಲ್ಲಿ ಗಂಡ ನಿಂತಿದ್ದರು. ಯಾರೋ ಗೊತ್ತಿಲ್ಲದವರು ಮಾತಾಡಿಸಿದಂತೆ ಮುಖ ತಿರುಗಿಸಿ ಬಸ್ಸು ಹತ್ತಿದೆ. ಮುಂದಿನ ವರ್ಷವೇ ಸಾಬರು ತೀರಿಕೊಂಡರೆಂದು ಕೇಳಿದೆ.

ಅಪ್ಪ, ಸೋದರಮಾವ, ಗಂಡ ಯಾರೂ ಈಗಿಲ್ಲ. ಹೆದರಬೇಕಾದವರು ಒಬ್ಬರೂ ಉಳಿದಿಲ್ಲ. ಆದರೂ ಇಷ್ಟು ಬರೆಯಲು ನನಗೆ ನಾಲ್ಕು ದಿನ ಹಿಡಿಯಿತು. ಸೊಸೆ ಕೋಣೆಗೆ ಬಂದಾಗಲೆಲ್ಲ ಹಾಳೆಯನ್ನು ದಿಂಬಿನ ಕೆಳಗೆ ಸರಿಸುತ್ತಿದ್ದೇನೆ.