ಪ್ಲೇಗಿನ ವರ್ಷ ದಾಕ್ಷಾಯಣಮ್ಮ ಬೆಕ್ಕು ಸಾಕಿದ್ದು

ಯಲ್ಲದಕೆರೆಯ ದಾಕ್ಷಾಯಣಮ್ಮನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಗಾಣದವನು ಎಣ್ಣೆ ಅಳೆದರೆ ಬೆರಳು ಅದ್ದಿ ಮೂಸಿ, ಬತ್ತಿಗೆ ಹಚ್ಚಿ ಉರಿಸಿ, ಅದು ಚಟಪಟ ಅನ್ನದಿದ್ದರೆ ಮಾತ್ರ ಗಡಿಗೆಯನ್ನು ಒಳಗೆ ಒಯ್ಯುತ್ತಿದ್ದಳು. ಬೀಗತಿ ಬಾಯ್ತುಂಬ ನಕ್ಕು ಮಾತಾಡಿಸಿದರೆ, ಇವಳಿಗೆ ನನ್ನಿಂದ ಏನು ಬೇಕಾಗಿದೆಯೋ ಎಂದು ಯೋಚಿಸುತ್ತ ಕೂರುತ್ತಿದ್ದಳು. ಗಂಡ ಪಂಚಾಕ್ಷರಪ್ಪ ಹತ್ತಿ, ಹರಳು ಬೀಜದ ವ್ಯಾಪಾರ ಮಾಡುವ ಸಾಧು ಮನುಷ್ಯ. ಅವನು ಸಂತೆಯಿಂದ ಬೇಗ ಬಂದರೂ ಅನುಮಾನ, ತಡವಾಗಿ ಬಂದರೂ ಅನುಮಾನ. ಅವನು ಅದಕ್ಕೆ ಒಗ್ಗಿಹೋಗಿದ್ದ. ಒಂದು ದಿನ ಹೆಂಡತಿ ಏನೂ ಕೇಳದಿದ್ದರೆ ಅವನಿಗೇ ದಿಗಿಲಾಗುತ್ತಿತ್ತು.

ಮಾರಿಕಣಿವೆಯಲ್ಲಿ ಕಟ್ಟೆ ಎದ್ದು ನೀರು ನಿಂತ ಮೇಲಿನ ಮಾತಿದು. ಸುಗ್ಗಿ ಮುಗಿಯುವ ಹೊತ್ತಿಗೆ, ಹಿರಿಯೂರಿನ ಆಚೆ ಎಲ್ಲೋ ಪ್ಲೇಗು ಕಾಲಿಟ್ಟಿದೆ ಎಂಬ ಸುದ್ದಿಯನ್ನು ಗಾಡಿಯವರು ಊರಿಗೆ ತಂದರು. ಆ ರೋಗದ ರೀತಿ ಆಗ ಎಲ್ಲರಿಗೂ ಗೊತ್ತು. ಮೊದಲು ಮನೆಯೊಳಗೆ ಇಲಿ ತಾನಾಗಿ ಸತ್ತು ಬೀಳುತ್ತದೆ. ಆಮೇಲೆ ಮನುಷ್ಯರ ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಡ್ಡೆ ಏಳುತ್ತದೆ. ಇಲಿ ಬಿದ್ದ ಮನೆಯವರು ಪಟೇಲರಿಗೆ ತಿಳಿಸಿ, ಬಾಗಿಲಿಗೆ ಬೀಗ ಹಾಕಿ, ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರಬೇಕು. ಆದರೆ ಸುಮ್ಮಸುಮ್ಮನೆ ಮನೆ ಬಿಡುವುದಕ್ಕೆ ಯಾರಿಗೆ ಮನಸ್ಸು ಬರುತ್ತದೆ? ಬೆಕ್ಕಿದ್ದವರು ಸತ್ತ ಇಲಿಯ ಬಾಲ ಹಿಡಿದು ತಿಪ್ಪೆಗೆ ಎಸೆದು, "ನಮ್ಮ ಬೆಕ್ಕು ಹಿಡಿದದ್ದು" ಎಂದು ಹೇಳಿ ಒಳಗೆ ಹೋಗಿಬಿಡುತ್ತಿದ್ದರು. ದಾಕ್ಷಾಯಣಮ್ಮ ಅಂಥವರ ಮನೆ ಕಡೆಯಿಂದ ಬೀಸುವ ಗಾಳಿಯನ್ನೂ ನಂಬುತ್ತಿರಲಿಲ್ಲ.

ಆ ಸಲ ಅವಳ ಅನುಮಾನಕ್ಕೆ ಬಲವಾದ ಕಾರಣವೇ ಇತ್ತು. ಮಾಡದಕೆರೆಗೆ ಕೊಟ್ಟಿದ್ದ ಒಬ್ಬಳೇ ಮಗಳು ಮಹಾದೇವಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಏಳು ತಿಂಗಳು ತುಂಬಿತ್ತು. ಗಾಳಿ ನುಗ್ಗುವ ಗುಡಿಸಲಲ್ಲಿ ಅವಳ ಹೆರಿಗೆ ಆಗಬಾರದು, ಬೆಚ್ಚಗಿನ ಮಾಳಿಗೆ ಮನೆಯಲ್ಲೇ ಆಗಬೇಕು ಎಂಬುದೊಂದೇ ತಾಯಿಯ ಹಟ. ಅದಕ್ಕಾಗಿ ಮನೆಯಲ್ಲಿ ಒಂದು ಇಲಿಯೂ ಇರಕೂಡದು. ಗಂಡ ತಂದ ಹತ್ತಿಯ ಅಂಡಿಗೆ ಚೀಲಗಳನ್ನು ಬೀದಿಯಲ್ಲೇ ಇಳಿಸಿ ದೊಣ್ಣೆಯಿಂದ ಬಡಿಸಿದಳು. ಗೋಡೆಯ ಬಿಲಗಳಿಗೆ ಕಲ್ಲು ಜಡಿದು ಮಣ್ಣು ಮೆತ್ತಿದಳು. ಆದರೂ ಕಾಳಿನ ಕೋಣೆಯಲ್ಲಿ ಪರಪರ ಸದ್ದು ನಿಲ್ಲಲಿಲ್ಲ.

ಹಿತ್ತಲ ಹತ್ತಿಕಡ್ಡಿಯ ಬಣವೆಯಲ್ಲಿ ಯಾರ ಮನೆಗೂ ಸೇರದ ಬೆಕ್ಕೊಂದು ಮರಿ ಹಾಕಿತ್ತು. ತಾಯಿಯನ್ನು ಬೀದಿನಾಯಿಗಳು ಹರಿದ ಮೇಲೆ ಉಳಿದದ್ದು ಬೂದು ಪಟ್ಟೆಯ ಒಂದು ಹೆಣ್ಣುಮರಿ. ದಾಕ್ಷಾಯಣಮ್ಮ ಅದರ ಮೇಲೆ ಕಂಬಳಿ ಹಾಕಿ ಹಿಡಿದಳು. ಮೊಣಕೈವರೆಗೂ ರಕ್ತ.

ಪಂಚಾಕ್ಷರಪ್ಪ ಕಂಬಳಿಯ ತುದಿ ಎತ್ತಿ ಇಣುಕಿ, ಹೌಹಾರಿ ಹಿಂದೆ ಸರಿದ. "ಏನೇ ಇದು, ಬೆಕ್ಕೋ ಚಿರತೆ ಮರಿಯೋ? ನೀನು ಅದನ್ನ ಸಾಕ್ತೀಯೋ, ಅದು ನಿನ್ನ ಸಾಕ್ತೈತೋ?"

"ನಿಮ್ಮನ್ನ ಪಳಗಿಸಿಲ್ಲೇನು? ಸುಮ್ನೆ ಬಾಗಿಲು ಹಾಕ್ರಿ."

"ಆಗ್ಲಿ ಬಿಡು. ಈ ಕಾಲದಾಗೆ ಮನೇಲಿ ಬೆಕ್ಕು ಇರೋದು ಒಳ್ಳೇದೇ" ಅಂದ ಅವನು. ಇಷ್ಟು ಬೇಗ ಒಪ್ಪಿದ್ದೇಕೆ ಎಂದು ಅವಳು ಅವನ ಮುಖವನ್ನು ದಿಟ್ಟಿಸಿ ನೋಡಿದಳು.

ಪಕ್ಕದ ಮನೆಯ ಚಂದ್ರಕ್ಕ ಬಂದು ಬುದ್ಧಿ ಹೇಳಿದಳು. "ಒಲೆ ಸುತ್ತ ಮೂರು ಸುತ್ತು ತಿರುಗಿಸಕ್ಕ. ಆಮೇಲೆ ಮನೆ ಬಿಟ್ಟು ಹೋಗಲ್ಲ."

ಒಂದೇ ಸುತ್ತಿಗೆ ಮರಿ ಕೈಯಿಂದ ಹಾರಿ, ಹಿಟ್ಟಿನ ಮೊರವನ್ನು ಬೋರಲು ಹಾಕಿ, ಕಾಳಿನ ಕೋಣೆಯಲ್ಲಿ ಜೋಳ ತುಂಬಿಡುವ ದೊಡ್ಡ ಮಣ್ಣಿನ ವಾಡೆಗಳ ಸಂದಿಗೆ ನುಗ್ಗಿತು. ದಾಕ್ಷಾಯಣಮ್ಮ ಆ ಕೋಣೆಯ ಬಾಗಿಲನ್ನೇ ಮುಚ್ಚಿಬಿಟ್ಟಳು. ಹೊರಗೆ ಬಿಟ್ಟರೆ ಕಂಡವರ ಮನೆಯ ಸತ್ತ ಇಲಿಯನ್ನು ಕಚ್ಚಿಕೊಂಡು ಬರುತ್ತದೆ ಎಂದು ಮಾಳಿಗೆಯ ಬೆಳಕಿಂಡಿಗೂ ಕಲ್ಲುಚಪ್ಪಡಿ ಎಳೆಸಿದಳು.

ಅಲ್ಲಿಂದ ಶುರುವಾಯಿತು ಇಬ್ಬರು ಅನುಮಾನದವರ ಜಗಳ. ಕರಟದಲ್ಲಿ ಹಾಲಿಟ್ಟರೆ ಮರಿ ಮುಟ್ಟುತ್ತಿರಲಿಲ್ಲ. ಅವಳು ಆಚೆ ಹೋದರೆ ಕರಟ ಬರಿದಾಗುತ್ತಿತ್ತು. ಹಾಲು ಕುಡಿದದ್ದು ಬೆಕ್ಕೋ ಇಲಿಯೋ ಎಂದು ಇವಳಿಗೆ ಅನುಮಾನ. ಹಾಗಾಗಿ ಅಲ್ಲೇ ಕೂತಳು, ಗೋಡೆಗೆ ಒರಗಿ, ಅದರ ಕಡೆ ನೋಡದವಳಂತೆ ಹತ್ತಿ ಬಿಡಿಸುತ್ತ. ಇವಳು ಓರೆಗಣ್ಣಲ್ಲಿ ಅದನ್ನು ನೋಡುತ್ತಿದ್ದಳು, ಅದು ವಾಡೆಯ ಸಂದಿಯಿಂದ ಇವಳನ್ನು ನೋಡುತ್ತಿತ್ತು. ಇವಳು ಕೆಮ್ಮಿದರೆ ಅದು ಮಾಯ. ಅದು ಮಿಸುಕಿದರೆ ಇವಳು ಕಾಲು ಮಡಚಿಕೊಳ್ಳುವಳು.

"ಅವ್ವ, ಒಳಗೆ ಯಾರ ಜೊತೆ ಮಾತಾಡ್ತಿದ್ದೀ?" ಎಂದು ಮಗಳು ಆಚೆಯಿಂದ ಕೂಗಿದರೆ, "ಕಳ್ಳಿ ಜೊತೆ" ಎನ್ನುವಳು. ಆ ಹೆಸರೇ ನಿಂತಿತು.

ಕಡೆಗೆ ಸೋತದ್ದು ಕಳ್ಳಿಯೇ. ಒಂದು ಮಧ್ಯಾಹ್ನ ದಾಕ್ಷಾಯಣಮ್ಮ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಾಗ ಒಂದು ಬತ್ತಿ ತೊಡೆಯಿಂದ ಜಾರಿ ಉರುಳಿತು. ಸಂದಿಯಿಂದ ಒಂದು ಪಂಜ ಚಾಚಿ ಅದನ್ನು ಎಳೆದುಕೊಂಡಿತು. ಅವಳು ಇನ್ನೊಂದನ್ನು ಉರುಳಿಸಿದಳು, ಸ್ವಲ್ಪ ಹತ್ತಿರಕ್ಕೆ. ಹೀಗೆ ಬತ್ತಿಯ ಆಸೆಗೆ ಸಂದಿಯಿಂದ ಚಾಪೆಗೆ, ಚಾಪೆಯಿಂದ ಸೆರಗಿನ ಅಂಚಿಗೆ ಬಂತು. ದೇವರ ಮುಂದೆ ಹಚ್ಚುವುದಕ್ಕೆ ಬತ್ತಿಯೇ ಉಳಿಯುತ್ತಿರಲಿಲ್ಲ. ಒಂದು ದಿನ ಅದು ಅವಳ ಮಡಿಲಿಗೇ ಹತ್ತಿ ಗುರುಗುಟ್ಟುತ್ತ ಮಲಗಿದಾಗ, ಅವಳು ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಬಹಳ ಹೊತ್ತು ಹಾಗೇ ಕೂತಿದ್ದಳು.

ಮೊದಲ ಇಲಿಮರಿ ಹಿಡಿದ ದಿನ ಕಳ್ಳಿಯ ಸಡಗರ ನೋಡಬೇಕಿತ್ತು. ಬಾಯಲ್ಲಿ ಕಚ್ಚಿಕೊಂಡು ನಡುಮನೆಯೆಲ್ಲ ಮೆರೆಯಿತು. ಎಸೆದು ಹಿಡಿದು, ಹಿಡಿದು ಎಸೆದು ಆಡಿತು. ಹತ್ತಿರ ಹೋದವರಿಗೆ ಗುರ್ ಎಂದಿತು, ಯಜಮಾನನಿಗೂ ಸಹ. ಆಮೇಲೆ ಹಿಡಿದ ಪ್ರತಿಯೊಂದಕ್ಕೂ ಅದೇ ಮೆರವಣಿಗೆ. ಕೋಣೆಯ ಪರಪರ ಸದ್ದು ನಿಂತಿತು. ಮಗಳು ಗೋಡೆಗೊರಗಿ ನೆಮ್ಮದಿಯಾಗಿ ನಿದ್ದೆ ಮಾಡಿದಳು.

ಒಂದು ಬೆಳಿಗ್ಗೆ ಜೋಳ ತೆಗೆಯಲು ಹೋದ ದಾಕ್ಷಾಯಣಮ್ಮ ಮೊರ ಹಿಡಿದು ಅಲ್ಲೇ ನಿಂತುಬಿಟ್ಟಳು. ವಾಡೆಯ ಬುಡದಲ್ಲಿ ಒಂದು ದಪ್ಪ ಇಲಿ ಸತ್ತು ಬಿದ್ದಿತ್ತು.

ಪಂಚಾಕ್ಷರಪ್ಪ ಅವಳ ಭುಜದ ಮೇಲಿಂದ ಇಣುಕಿ ನೋಡಿ, ದನಿ ತಗ್ಗಿಸಿ ಹೇಳಿದ: "ಬೆಕ್ಕು ಹಿಡಿದೈತೆ ಬಿಡು. ಕೊಡು ಇತ್ಲಾಗೆ, ತಿಪ್ಪೆಗೆ ಹಾಕಿ ಬರ್ತೀನಿ."

ಅವಳಿಗೆ ಆಗ ಹೊಳೆಯಿತು. "ಅದಕ್ಕೇ ಏನು ಅವತ್ತು ತಟ್ಟನೆ ಒಪ್ಪಿದ್ದು? ಇಲಿ ಬಿದ್ರೆ ಬೆಕ್ಕಿನ ಹೆಸರು ಹೇಳಾಣ ಅಂತ?"

ಅವನು ಕಣ್ಣು ತಪ್ಪಿಸಿದ. "ಹೌದು ಕಣೇ, ಅದಕ್ಕೇ. ತುಂಬಿದ ಬಸುರಿ ಅವಳು. ಹತ್ತಿ ಇನ್ನೂ ಮನೇಲೈತೆ. ಈಗ ಬೀದಿಗೆ ಬೀಳಾಣ ಅಂತೀಯಾ? ಯಾರಿಗೆ ಗೊತ್ತಾಗ್ತೈತೆ?"

ಆ ಮಾತು ಅವಳಿಗೂ ಹಿತವಾಗಿಯೇ ಕೇಳಿಸಿತು. ಅವಳೂ ಒಂದು ಗಳಿಗೆ ಹಾಗೇ ನಂಬಲು ನೋಡಿದಳು. ಮನೆಯಲ್ಲಿ ಬೆಕ್ಕಿದೆ, ಬೆಕ್ಕು ಇಲಿ ಹಿಡಿಯುತ್ತದೆ. ಇದರಲ್ಲಿ ಸುಳ್ಳೇನು? ತಲೆಯೆತ್ತಿ ಕಳ್ಳಿಯನ್ನು ಹುಡುಕಿದಳು. ಅದು ಎಲ್ಲಕ್ಕಿಂತ ಎತ್ತರದ ವಾಡೆಯ ಮೇಲೆ, ಬಾಲ ಪೊರಕೆಯ ಹಾಗೆ ಉಬ್ಬಿಸಿ, ಮೈಯೆಲ್ಲ ಸೆಟೆಸಿ ಕೂತಿತ್ತು. ಕಣ್ಣು ಇಲಿಯ ಮೇಲೆ. ಹಾಲಿನ ಕರಟ ತಟ್ಟಿದಳು, ಬರಲಿಲ್ಲ. ಬತ್ತಿ ಉರುಳಿಸಿದಳು, ಬರಲಿಲ್ಲ. ಬಣವೆಯಿಂದ ತಂದ ದಿನ ಹೇಗಿತ್ತೋ ಹಾಗೇ ಇತ್ತು ಅದರ ಮುಖ.

"ಇದು ಹಿಡಿದದ್ದಲ್ಲ" ಅಂದಳು.

"ನಿಂಗೆ ಬೆಕ್ಕು ಬಂದು ಹೇಳ್ತೇನು?"

"ಹೇಳ್ತು. ಹಿಡಿದಿದ್ರೆ ಮೆರೆಸ್ತಿತ್ತು, ನಮ್ಮನ್ನ ಹತ್ರ ಬಿಡ್ತಿರಲಿಲ್ಲ. ಈಗ ಅದೇ ಹತ್ರ ಬರವಲ್ದು. ನನಗಿಂತ ಅನುಮಾನದ ಪ್ರಾಣಿ ಅದು. ಏಳ್ರಿ, ಪಟೇಲರಿಗೆ ಹೇಳಿ ಬರ್ರಿ. ಹೊಲಕ್ಕೆ ಹೋಗಾಣ."

ಸಾಮಾನು ಗಾಡಿಗೆ ಏರುತ್ತಿದ್ದಾಗ ಚಂದ್ರಕ್ಕ ಜಗಲಿಯ ಮೇಲೆ ನಿಂತು ಬಾಯಿಗೆ ಸೆರಗು ಹಿಡಿದು ನಕ್ಕಳು. "ಗಂಡನ ಮಾತು ಕೇಳದೋಳು ಬೆಕ್ಕಿನ ಮಾತು ಕೇಳಿದ್ಲಲ್ಲ, ನಮ್ಮಕ್ಕ! ಬಸುರಿ ಮಗಳನ್ನ ಬಯಲಿಗೆ ಹಾಕ್ತಿದ್ದೀಯಲ್ಲೇ, ನಿನಗೇನು ಬುದ್ಧಿ ಕೆಟ್ಟೈತೇನು?"

ದಾಕ್ಷಾಯಣಮ್ಮನ ಚಿಂತೆ ಬೇರೆ ಇತ್ತು. ಕಳ್ಳಿ ಆ ಇಲಿಯನ್ನು ಒಮ್ಮೆಯಾದರೂ ಮುಟ್ಟಿದ್ದರೆ? ರೋಗವನ್ನು ಕಂಬಳಿಯಲ್ಲಿ ಸುತ್ತಿ ಮಗಳ ಮಗ್ಗುಲಿಗೇ ಒಯ್ದಂತಾಗುತ್ತದೆ. ಬಿಟ್ಟು ಹೋದರೆ, ಬೀಗ ಹಾಕಿದ ಮನೆಯಲ್ಲಿ ಹಸಿದ ಬೆಕ್ಕು ಆ ವಾಡೆಯಿಂದ ಎಷ್ಟು ದಿನ ಇಳಿಯದೆ ಇದ್ದೀತು? "ಬಿಡೇ ಅದನ್ನ" ಎಂದು ಗಂಡ ಬೀಗ ಹಿಡಿದು ಅವಸರ ಮಾಡಿದ. ಅದರ ಮಾತು ನಂಬಿ ಮನೆ ಬಿಡುತ್ತಿರುವವಳು, ಅದು ಇಲಿಯನ್ನು ಮುಟ್ಟಿಲ್ಲ ಎಂಬುದನ್ನೂ ನಂಬಲೇಬೇಕಾಗಿತ್ತು. ಒಂದನ್ನು ನಂಬಿ ಒಂದನ್ನು ಬಿಡುವ ದಾರಿ ಅವಳಿಗೆ ಕಾಣಲಿಲ್ಲ. ಏಣಿ ಹಾಕಿ ಹತ್ತಿದಳು. ಕಳ್ಳಿ ಪರಚಿತು, ಕಚ್ಚಿತು. ಬಿಡದೆ ಕಂಬಳಿಯಲ್ಲಿ ಕಟ್ಟಿ ತಂದಳು.

ಗುಡಿಸಲಲ್ಲಿ ಗಾಳಿ ನುಗ್ಗಿದ್ದು ನಿಜ. ಮಹಾದೇವಮ್ಮ ನೋವು ತಿಂದದ್ದೂ ನಿಜ. ಸೂಲಗಿತ್ತಿ ಉಚ್ಚಂಗಮ್ಮ ಗುಡಿಸಲ ಸುತ್ತ ಕಂಬಳಿ ಕಟ್ಟಿಸಿ, ನೀರು ಕಾಯಿಸಿ, ಬೈದು, ರಮಿಸಿ ಹೆರಿಗೆ ಮಾಡಿಸಿದಳು. ಹೆಣ್ಣು ಮಗು, ಕೆಂಪಗೆ ಕಿರಿಚಿಕೊಂಡು ಹುಟ್ಟಿತು. ದಾಕ್ಷಾಯಣಮ್ಮ ಹಗಲೆಲ್ಲ ಬೆಕ್ಕಿಗೂ ಮಗುವಿಗೂ ನಡುವೆ ಕೋಲು ಹಿಡಿದು ಕೂತಳು. ನಂಬಿದಳು ಅಂದಮಾತ್ರಕ್ಕೆ ಅಷ್ಟೂ ನಂಬಿದಳು ಅಂತಲ್ಲ.

ಬಾಣಂತಿಗೆ ಇನ್ನೂ ಪಥ್ಯದ ಊಟ ನಡೆಯುತ್ತಿರುವಾಗಲೇ ಅವರ ಬೀದಿಯಲ್ಲಿ ಇಲಿಗಳು ಬಿದ್ದವು. ಒಂದಲ್ಲ, ಮನೆಮನೆಯಲ್ಲೂ. ಊರಿಗೆ ಊರೇ ಹೊಲಗಳಿಗೆ ಬಂತು. ಬರುವುದು ತಡವಾದವರಲ್ಲಿ ಚಂದ್ರಕ್ಕನೂ ಒಬ್ಬಳು. ಅವಳ ಮಾವನಿಗೆ ಗಡ್ಡೆ ಎದ್ದಿತ್ತು, ಅವನು ಉಳಿಯಲಿಲ್ಲ. ಅವಳು ಎರಡು ಹೊಲ ಆಚೆ ಗುಡಿಸಲು ಹಾಕಿಕೊಂಡಳು. ದಾಕ್ಷಾಯಣಮ್ಮ ದಿನಾ ಒಂದು ಪಾತ್ರೆ ಮುದ್ದೆ ಸಾರು ಒಯ್ದು ಬದುವಿನ ಮೇಲಿಟ್ಟು ಬರುತ್ತಿದ್ದಳು. ಅವತ್ತು ಜಗಲಿಯ ಮೇಲೆ ನಿಂತು ನಕ್ಕ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮುಂಗಾರು ಹತ್ತಿರ ಬಂದಾಗ ತಾಲ್ಲೂಕಿನವರು ಬಂದು ಮನೆಗಳಿಗೆ ಔಷಧಿ ಹೊಡೆದು, ಬೆಳಕಿಂಡಿ ತೆಗೆಸಿ ಬಿಸಿಲು ಬಿಡಿಸಿ, ಇನ್ನು ಒಳಗೆ ಹೋಗಬಹುದು ಅಂದರು. ಜನ ಗಂಟುಮೂಟೆ ಹೊತ್ತು ಊರಿಗೆ ಹಿಂತಿರುಗಿದರು. ಪಂಚಾಕ್ಷರಪ್ಪ ಬೀಗ ತೆಗೆದು, ಬಾಗಿಲು ದೂಡಿ, ಹೊಸಿಲು ದಾಟಲು ಕಾಲೆತ್ತಿದ.

"ನಿಲ್ಲ್ರಿ" ಅಂದಳು ದಾಕ್ಷಾಯಣಮ್ಮ.

"ಮತ್ತೇನೇ? ಸರ್ಕಾರದವ್ರೇ ಹೇಳಿದಾರೆ."

"ಸರ್ಕಾರದವ್ರು ಈ ಮನೇಲಿ ಮಲಗಲ್ಲ. ಕಳ್ಳಿ ಮೊದಲು ಹೋಗ್ಲಿ."

ಕಂಬಳಿ ಬಿಚ್ಚಿದಳು. ಕಳ್ಳಿ ಇಳಿದು ಮೈ ಕೊಡವಿ, ಹೊಸಿಲ ಈ ತುದಿಯಿಂದ ಆ ತುದಿಯವರೆಗೆ ಮೂಸಿತು. ಒಳಗೆ ಒಂದು ಹೆಜ್ಜೆ ಇಟ್ಟಿತು. ಔಷಧಿಯ ಘಾಟಿಗೆ ಸೀನಿ, ಹಿಂದಕ್ಕೆ ಬಂದು ಬಿಸಿಲಲ್ಲಿ ಕೂತು ಕಾಲು ನೆಕ್ಕತೊಡಗಿತು.

ದಾಕ್ಷಾಯಣಮ್ಮ ಜಗಲಿಯ ಮೇಲೆ ಕಾಲು ನೀಡಿ ಕೂತು ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡಳು. ಪಂಚಾಕ್ಷರಪ್ಪ ಹೊರೆ ಹೊತ್ತೇ ನಿಂತಿದ್ದ. "ಎಷ್ಟೊತ್ತು ಹಿಂಗೆ?"

"ಅದಕ್ಕೆ ತಿಳಿದಾಗ. ಹೊರೆ ಇಳಿಸಿ ಕುಂತ್ಕಳ್ರಿ."

ಅಷ್ಟರಲ್ಲಿ ಚಂದ್ರಕ್ಕ ತಲೆಯ ಮೇಲೆ ಗಂಟು ಹೊತ್ತು ಬಂದಳು. ತನ್ನ ಮನೆಯ ಬಾಗಿಲನ್ನು ಒಮ್ಮೆ ನೋಡಿದಳು, ಬೆಕ್ಕನ್ನು ಒಮ್ಮೆ ನೋಡಿದಳು.

"ಒಳಗೆ ಹೋಯ್ತೇನಕ್ಕ?"

"ಇನ್ನೂ ಇಲ್ಲ."

ಚಂದ್ರಕ್ಕ ಗಂಟು ಇಳಿಸಿ ಅವಳ ಪಕ್ಕದಲ್ಲೇ ಕೂತಳು.